ಹತ್ತು ಹನಿ ಎಣ್ಣೆ, ನನ್ನ ಗ್ಯಾಸು

ವಿಜಯಪುರ, ಭಾನುವಾರ ರಾತ್ರಿ

ಅವ್ವಿ,

"ನಮ್ಮ ಅಂಗಡ್ಯಾಗ ಸಿಬಿಡಿ ಎಣ್ಣಿ ಸಿಗತೈತೇನಪ್ಪಾ?" ಅಂತ ನಿನ್ನೆ ನೀನು ಕೇಳಿದಾಗ, ಗಿರಾಕಿ ಬಂದರು ಅಂತ ಹೇಳಿ ಫೋನ್ ಇಟ್ಟೆ. ಗಿರಾಕಿ ಯಾರೂ ಬಂದಿರಲಿಲ್ಲ.

ಭಂಗಿ ಗಿಡದ ಮಾಲು ಅಂತ ಹೆದರಿದೆ ಅಂದುಕೊಳ್ಳಬೇಡ. ಆಫೀಸಿನ ಲಿಫ್ಟಿನಲ್ಲಿ ಎದೆ ಹೊಡೆದುಕೊಂಡಿತು, ಕೈ ಜೋಮು ಹಿಡಿಯಿತು, ಈಗಲೇ ಸಾಯುತ್ತೇನೆ ಅನ್ನಿಸಿತು, ಅದಕ್ಕೇ ಈ ಎಣ್ಣೆ ಅಂದೆಯಲ್ಲ, ಆ ಲಿಫ್ಟಿನ ಸಂಕಟ ನನಗೆ ಗೊತ್ತಿರುವ ಸಂಗತಿ.

ನೀನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ಎರಡು ಗಂಟೆಗೆ ನನ್ನನ್ನು ದವಾಖಾನೆಗೆ ಒಯ್ದಿದ್ದರು. ನೆನಪಿದೆಯಾ? ಇಸಿಜಿ ಸರಿಯಾಗಿತ್ತು. ಡ್ಯೂಟಿಯಲ್ಲಿದ್ದ ಡಾಕ್ಟರು "ಗ್ಯಾಸ್ ಆಗೈತ್ರಿ" ಅಂದು ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಆಮೇಲೆ ಎರಡು ವರ್ಷ ನಮ್ಮ ಅಂಗಡಿಯ ಗ್ಯಾಸಿನ ಗುಳಿಗೆಗೆ ನಾನೇ ದೊಡ್ಡ ಗಿರಾಕಿ. ಮಿರ್ಚಿ ಭಜಿ ಬಿಟ್ಟೆ. ಸಿದ್ಧೇಶ್ವರ ಜಾತ್ರೆಯ ಗದ್ದಲಕ್ಕೆ ಹೋಗುವುದನ್ನೂ ಬಿಟ್ಟು, ನಿಮಗೆಲ್ಲ ಮೊಣಕಾಲು ನೋವು ಅಂತ ಹೇಳಿದೆ. ಕೊನೆಗೆ ಬೇರೆ ಊರಿನ ಡಾಕ್ಟರೊಬ್ಬರು, ಇದು ಪ್ಯಾನಿಕ್ ಅಟ್ಯಾಕ್, ಒಮ್ಮೆಲೇ ಎರಗುವ ದಿಗಿಲು ಅಂದರು. ಹತ್ತು ನಿಮಿಷದೊಳಗೆ ತುದಿಗೆ ಏರುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಇಳಿಯುತ್ತದೆ, ಗಡಿಯಾರ ನೋಡುತ್ತಾ ಕೂತುಕೊಳ್ಳಿ ಅಂದರು. ಅವರು ಬರೆದುಕೊಟ್ಟ ಗುಳಿಗೆಯನ್ನು ವಿಟಮಿನ್ ಡಬ್ಬಿಯಲ್ಲಿ ಇಟ್ಟು ನುಂಗಿದೆ. ನಿಮ್ಮವ್ವ ಇವತ್ತಿಗೂ ಅದು ಗ್ಯಾಸ್ ಅಂತಲೇ ತಿಳಿದಿದ್ದಾಳೆ.

ಈಗ ಎಣ್ಣೆಯ ವಿಷಯ. ನಮ್ಮಲ್ಲಿ ಇಟ್ಟಿಲ್ಲ. ಹಾಗಂತ ಅದರಲ್ಲಿ ಏನೂ ಇಲ್ಲ ಅಂತ ಹೇಳಲಾರೆ. ಭಂಗಿಯಲ್ಲಿ ಅಮಲು ಏರಿಸುವುದು ಟಿಎಚ್‌ಸಿ. ಸಿಬಿಡಿ ಅದೇ ಗಿಡದ್ದಾದರೂ ಅಮಲು ಬರಿಸುವುದಿಲ್ಲ. ಅಪರೂಪದ ಕೆಲವು ಫಿಟ್ಸ್ ಕಾಯಿಲೆಗಳಿಗೆ ಅಮೆರಿಕ ಸರ್ಕಾರ 2018ರಲ್ಲಿ ಅದನ್ನು ಔಷಧಿ ಅಂತಲೇ ಒಪ್ಪಿದೆ. ಬ್ರೆಜಿಲ್‌ನಲ್ಲಿ ನಾಲ್ಕು ಜನರ ಮುಂದೆ ಮಾತಾಡಲು ಹೆದರುವವರಿಗೆ 600 ಮಿಲಿಗ್ರಾಂ ಕೊಟ್ಟು ಭಾಷಣ ಮಾಡಿಸಿದರು. ಹೆದರಿಕೆ ತಗ್ಗಿತು. ಅಲ್ಲಿಯದೇ ಇನ್ನೊಂದು ಪ್ರಯೋಗದಲ್ಲಿ 300ಕ್ಕೆ ತಗ್ಗಿತು, 150ಕ್ಕೂ ಇಲ್ಲ, 600ಕ್ಕೂ ಇಲ್ಲ. ವಿಚಿತ್ರ ಅಲ್ವಾ? ಎರಡೂ ಸಣ್ಣ ಪ್ರಯೋಗಗಳು, ಒಬ್ಬೊಬ್ಬರಿಗೆ ಒಂದೇ ಸಲ ಕೊಟ್ಟು ನೋಡಿದವು. ಪದೇಪದೇ ಬರುವ ಪ್ಯಾನಿಕ್‌ಗೆ ತಿಂಗಳುಗಟ್ಟಲೆ ಕೊಟ್ಟರೆ ಏನಾಗುತ್ತದೆ ಅಂತ ಅವು ಹೇಳುವುದಿಲ್ಲ.

ನಿನ್ನ ಗೆಳತಿಯ ಬಾಟಲಿ 30 ಎಂಎಲ್, ಅದರಲ್ಲಿ 1000 ಮಿಲಿಗ್ರಾಂ ಅಂದೆ. ಔಷಧಿ ಅಂಗಡಿಯವನ ಲೆಕ್ಕ ಕೇಳು. ಅವಳು ನಾಲಿಗೆಯ ಕೆಳಗೆ ಬಿಟ್ಟುಕೊಳ್ಳುವ ಹತ್ತು ಹನಿ ಅಂದರೆ ಸುಮಾರು ಅರ್ಧ ಎಂಎಲ್, 17 ಮಿಲಿಗ್ರಾಂ ಇರಬಹುದು. 300 ಆಗಬೇಕಾದರೆ ಒಂದೇ ಸಲಕ್ಕೆ 9 ಎಂಎಲ್ ಕುಡಿಯಬೇಕು. ಮೂರು ದಿನಕ್ಕೆ ಬಾಟಲಿ ಖಾಲಿ. ಅದೂ ಲೇಬಲ್ ನಿಜ ಹೇಳಿದರೆ. ಆನ್‌ಲೈನ್‌ನಲ್ಲಿ ಕೊಂಡ 84 ಸಿಬಿಡಿ ಸರಕುಗಳನ್ನು ಅಮೆರಿಕದವರು ಪರೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದರು. ಲೇಬಲ್ಲಿಗೂ ಮಾಲಿಗೂ ತಾಳೆಯಾಗಿದ್ದು 26 ಮಾತ್ರ. 18ರಲ್ಲಿ ಟಿಎಚ್‌ಸಿ ಇತ್ತು. ಅದು ಕೆಲವರಿಗೆ ಎದೆಬಡಿತವನ್ನೂ ದಿಗಿಲನ್ನೂ ಇನ್ನೂ ಜಾಸ್ತಿ ಮಾಡುತ್ತದೆ.

ನಮ್ಮ ದೇಶದಲ್ಲಿ ಈ ಗಿಡದ ಎಲೆಯ ಸಾರ ಆಯುರ್ವೇದದ 'ವಿಜಯಾ' ಹೆಸರಿನಲ್ಲಿ ಬರುತ್ತದೆ, ವೈದ್ಯರ ಚೀಟಿ ಬೇಕು. (ಹೆಸರು ನಮ್ಮೂರಿಗೂ ಅದಕ್ಕೂ ಒಂದೇ ಆಗಬೇಕಿತ್ತಾ!) ಹೆಂಪ್ ಬೀಜದ ಎಣ್ಣೆ ಬೇರೆ. ಅದರಲ್ಲಿ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ, ಅಡುಗೆಗೆ ಹಾಕಿಕೋ ಬೇಕಾದರೆ.

ನನ್ನ ಚಿಂತೆ ಇದ್ಯಾವುದೂ ಅಲ್ಲ. ನೀನು ದಿಗಿಲಿಗೆ ಕೊಡುವ ಎಸ್ಸಿಟಾಲೋಪ್ರಾಮ್ ಗುಳಿಗೆ ಶುರು ಮಾಡಿ ಮೂರು ವಾರ ಆಗಿದೆ. ನಮ್ಮ ಲಿವರ್ ಆ ಗುಳಿಗೆಯನ್ನು ಕರಗಿಸುವ ದಾರಿಯಲ್ಲೇ ಸಿಬಿಡಿ ಅಡ್ಡ ನಿಲ್ಲುತ್ತದೆ. ಗುಳಿಗೆಯ ಅಂಶ ರಕ್ತದಲ್ಲಿ ಏರುತ್ತದೆ. ನೀನು 10 ಮಿಲಿಗ್ರಾಂ ನುಂಗಿರುತ್ತೀ, ಮೈಗೆ ಅದಕ್ಕಿಂತ ಜಾಸ್ತಿ ನುಂಗಿದ ಹಾಗೆ. ಹತ್ತು ಹನಿಗೆ ಎಷ್ಟು ಏರುತ್ತದೋ, ಡೋಸ್ ಏರಿಸುತ್ತಾ ಹೋದರೆ ಎಷ್ಟೋ. ಅದಕ್ಕೇ ನಿನ್ನ ಡಾಕ್ಟರಿಗೆ ಗೊತ್ತಿಲ್ಲದೆ ಒಂದು ಹನಿಯೂ ಬೇಡ. "ಗುಳಿಗೆ ಕೆಲಸ ಮಾಡ್ತಿಲ್ಲ" ಅಂದೆ. ಅದಕ್ಕೆ ನಾಲ್ಕರಿಂದ ಆರು ವಾರ ಬೇಕು, ಮೊದಮೊದಲು ತಳಮಳ ಹೆಚ್ಚಿಸುವುದೂ ಉಂಟು. ನನಗೂ ಹಾಗೇ ಆಗಿತ್ತು. ಸಿಟ್ಟಿನಲ್ಲಿ ಒಮ್ಮೆಲೇ ಬಿಟ್ಟುಬಿಡಬೇಡ. ರಾತ್ರಿ ತಡೆಯಲಾರದಷ್ಟು ಆದರೆ ನನಗೆ ಫೋನ್ ಮಾಡು. ನಾನು ಎತ್ತದಿದ್ದರೆ 14416, ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಇರುವ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ನಾಳೆ ಆ ಬಾಟಲಿಯ ಫೋಟೋ ತೆಗೆದು ವಾಟ್ಸಾಪ್ ಮಾಡು. ಹಿಂದೆ ಮುಂದೆ ಎರಡೂ ಕಡೆ, ಲೈಸೆನ್ಸ್ ನಂಬರ್ ಕಾಣುವ ಹಾಗೆ. ಅದನ್ನೇ ನಿನ್ನ ಡಾಕ್ಟರಿಗೂ ತೋರಿಸು.

ನಿಮ್ಮವ್ವ ಈಗ ರೊಟ್ಟಿ ಬಡಿಯುತ್ತಿದ್ದಾಳೆ. ಊಟ ಆದಮೇಲೆ ನನ್ನ ವಿಟಮಿನ್ ಡಬ್ಬಿಯ ಕತೆ ಹೇಳಬೇಕು. ಬೈಗುಳ ತಿನ್ನುವುದು ಗ್ಯಾರಂಟಿ.

ನಿನ್ನ ಅಪ್ಪ