ವೀಣಾಳಿಗೆ, ರಕ್ತದ ಓಟದ ಬಗ್ಗೆ

ಡೊಂಬಿವಲಿ

ಪ್ರೀತಿಯ ವೀಣಾ,

ಪುಣೆಯಲ್ಲಿ ನಿನ್ನನ್ನು ಮುಂದಿನ ವಾರದಿಂದ ಹೃದಯದ ಎಂಆರ್‌ಐ ಮಾಡುವ ಕೆಲಸಕ್ಕೆ ಹಾಕುತ್ತಾರೆ ಅಂತ ಅಕ್ಕ ಫೋನ್ ಮಾಡಿ ಹೇಳಿದಳು. ರಕ್ತ ಎಷ್ಟು ವೇಗವಾಗಿ ಹರಿಯುತ್ತದೆ ಅಂತ ಅಳೆಯುವ ಫ್ಲೋ ಸ್ಕ್ಯಾನ್ ಅಂದರೆ ನಿನಗೆ ಭಯವಂತೆ. ಭಯ ಬೇಡ ಮಗಳೇ. ಅದೊಂದು ಲೆಕ್ಕ, ಅಷ್ಟೇ.

ಬೇರೆ ಸ್ಕ್ಯಾನ್‌ನಲ್ಲಿ ಅಲುಗಾಡಿದರೆ ಚಿತ್ರ ಕೆಡುತ್ತದೆ. ಇಲ್ಲಿ ನಮಗೆ ಬೇಕಾದದ್ದೇ ಆ ಅಲುಗಾಟ. ಗ್ರೇಡಿಯಂಟನ್ನು, ಅಂದರೆ ಜಾಗದಿಂದ ಜಾಗಕ್ಕೆ ಬದಲಾಗುವ ಕಾಂತಕ್ಷೇತ್ರವನ್ನು, ಒಂದು ಸಲ ಹೀಗೆ, ಕೂಡಲೇ ಅಷ್ಟೇ ಅಳತೆಗೆ ಉಲ್ಟಾ ಕೊಡುತ್ತೇವೆ. ನಿಂತಲ್ಲೇ ಇರುವ ಪ್ರೋಟಾನಿಗೆ (ಮೈಯ ನೀರಿನಲ್ಲಿರುವ ಹೈಡ್ರೋಜನ್ನಿನ ಕಣ, ಎಂಆರ್‌ಐ ಸಿಗ್ನಲ್ ಬರುವುದು ಅದರಿಂದಲೇ) ಜಮಾ, ಖರ್ಚು ಎರಡೂ ಒಂದೇ. ಲೆಕ್ಕ ಚುಕ್ತಾ. ರಕ್ತ ಅಷ್ಟರಲ್ಲಿ ಜಾಗ ಬಿಟ್ಟಿರುತ್ತದೆ, ಹಾಗಾಗಿ ಅದರ ಲೆಕ್ಕದಲ್ಲಿ ಬಾಕಿ ಉಳಿಯುತ್ತದೆ. ಆ ಬಾಕಿಯೇ ಫೇಸ್, ಅಂದರೆ ಸಿಗ್ನಲ್ ಎಷ್ಟು ತಿರುಗಿದೆ ಅನ್ನುವ ಕೋನ. ವೇಗ ಎರಡರಷ್ಟಾದರೆ ಬಾಕಿಯೂ ಎರಡರಷ್ಟು. ಸಮುದ್ರದ ನೀರಿನ ಓಟವನ್ನು ಹೀಗೆ ಪತ್ತೆ ಮಾಡಬಹುದು ಅಂತ ಭೌತವಿಜ್ಞಾನಿ ಎರ್ವಿನ್ ಹಾನ್ 1960ರಲ್ಲೇ ಬರೆದಿದ್ದರು. ಎಂಆರ್‌ಐಗೆ ದಾರಿ ಮಾಡಿದ ವಿಜ್ಞಾನಿ ಲಾಟರ್‌ಬರ್ ತಮ್ಮ ಎಂಆರ್ ಚಿತ್ರ ಪ್ರಕಟಿಸಿದ್ದೇ ಆಮೇಲೆ, 1973ರಲ್ಲಿ. ನನಗೆ ಇಂದಿಗೂ ಇದು ಬೆರಗು.

ಬಾಕಿ 180 ಡಿಗ್ರಿ ಮುಟ್ಟುವ ವೇಗಕ್ಕೆ ವೆಂಕ್ ಅನ್ನುತ್ತೇವೆ. ಗಡಿಯಾರ ನೋಡು. 12ರಿಂದ 7 ಗಂಟೆ ಮುಂದೆ ಹೋದ ಮುಳ್ಳು 5 ಗಂಟೆ ಹಿಂದೆ ಹೋದ ಹಾಗೂ ಕಾಣುತ್ತದೆ, ಅಲ್ವಾ? ವೆಂಕ್ ದಾಟಿದ ರಕ್ತವೂ ಹಾಗೇ ಹಿಂದಕ್ಕೆ ಹರಿದ ಹಾಗೆ ಕಾಣುತ್ತದೆ.

ನನ್ನಿಂದ ಒಂದು ತಪ್ಪಾಗಿತ್ತು. ಮಾಟುಂಗಾದ ಹೋಟೆಲೊಂದರಲ್ಲಿ ಗಲ್ಲಾ ಮೇಲೆ ಕೂರುತ್ತಿದ್ದ ಹಿರಿಯರೊಬ್ಬರು ಬಂದಿದ್ದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಅಯೋರ್ಟಾದ ಕವಾಟ ಕಿರಿದಾಗಿತ್ತು. ಅಯೋರ್ಟಾಗೆ ವೆಂಕ್ ಸೆಕೆಂಡಿಗೆ 150 ಸೆಂಟಿಮೀಟರ್ ಅಂತ ಯಂತ್ರದಲ್ಲಿ ಇತ್ತು, ನಾನು ಸುಮ್ನೆ ಅದನ್ನೇ ಬಿಟ್ಟೆ. ಡಾಕ್ಟರ ಚೀಟಿ ಓದಲಿಲ್ಲ. ಕಿರಿದಾದ ಕವಾಟದಲ್ಲಿ ರಕ್ತ ಸೆಕೆಂಡಿಗೆ 4 ಮೀಟರ್‌ ದಾಟಿ ನುಗ್ಗಬಹುದು. ಚಿತ್ರದಲ್ಲಿ ಬೆಳ್ಳಗಿನ ವೃತ್ತದ ನಟ್ಟನಡುವೆ, ಹಿಂದಕ್ಕೆ ಹರಿದ ಹಾಗೆ, ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ಅದನ್ನು ನಾನು ಗಮನಿಸದೆ ಕಳಿಸಿದೆ. ಅವರನ್ನು ಮತ್ತೆ ಕರೆಸಬೇಕಾಯಿತು. ಏದುಸಿರು ಬಿಡುತ್ತಾ ಲೋಕಲ್‌ನಲ್ಲಿ ನಿಂತೇ ಬಂದಿದ್ದರು. ಅವರ ಮುಖ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆದ್ದರಿಂದ ಮೊದಲು ಚೀಟಿ ಓದು, ಎಕೋ (ಹೃದಯದ ಅಲ್ಟ್ರಾಸೌಂಡ್) ರಿಪೋರ್ಟ್ ಕೇಳು. ವೆಂಕ್ ಅಲ್ಲಿರುವ ವೇಗಕ್ಕಿಂತ ತುಸು ಜಾಸ್ತಿ ಇರಲಿ. ತುಂಬಾ ಜಾಸ್ತಿ ಇಟ್ಟರೆ ನಿಧಾನದ ಹರಿವು ನಾಯ್ಸ್‌ನಲ್ಲಿ, ಅಂದರೆ ಚಿತ್ರದ ಕಲಬೆರಕೆ ಗದ್ದಲದಲ್ಲಿ, ಮುಳುಗುತ್ತದೆ. ಎದೆಗೂಡಿನ ಸ್ನಾಯುವನ್ನೂ ನೋಡು. ಅದು ಓಡುವುದಿಲ್ಲ, ಅಲ್ಲಿ ವೇಗ ಕಂಡರೆ ಎಡ್ಡಿ ಕರೆಂಟಿನ (ಗ್ರೇಡಿಯಂಟ್ ಬದಲಾದಾಗ ಯಂತ್ರದ ಲೋಹದಲ್ಲಿ ಹುಟ್ಟುವ ಕರೆಂಟು) ಕಿತಾಪತಿ ಇರಬಹುದು.

ವೇಗ ನೋಡಿ ಪ್ರೋಟಾನುಗಳನ್ನು ಎಬ್ಬಿಸುವ ರೇಡಿಯೋ ಪಲ್ಸ್ ಬಗ್ಗೆ ನೀನು ಕೇಳಿದ್ದೆ. ಉಯ್ಯಾಲೆ ನೆನೆಸಿಕೋ. ಒಂದೇ ದೊಡ್ಡ ತಳ್ಳು ಕೊಡುವ ಬದಲು ಸಣ್ಣ ಸಣ್ಣ ತಳ್ಳು, ನಡುನಡುವೆ ಗ್ರೇಡಿಯಂಟ್. ನಾವು ಆರಿಸಿದ ವೇಗದ ಪ್ರೋಟಾನುಗಳಿಗೆ ತಳ್ಳುಗಳು ತಾಳಕ್ಕೆ ಬಿದ್ದು ಕೂಡುತ್ತವೆ. ಉಳಿದವಕ್ಕೆ ತಾಳ ತಪ್ಪುತ್ತದೆ, ಒಂದನ್ನೊಂದು ಅಳಿಸಿಹಾಕುತ್ತವೆ. ಅಳೆಯುವುದಕ್ಕೂ ಮೊದಲೇ ಓಟ ಆರಿಸುವ ಜಾಣತನ ಇದು. ನಿಧಾನವಾಗಿ ಕಲಿ.

ಮೊದಲ ಫ್ಲೋ ಸ್ಕ್ಯಾನ್ ಮುಗಿದ ಸಂಜೆ ಫೋನ್ ಮಾಡು. ಎಷ್ಟು ವೆಂಕ್ ಇಟ್ಟೆ, ಯಾಕೆ ಇಟ್ಟೆ ಅಂತ ಕೇಳುತ್ತೇನೆ.

ನಿನ್ನ ಮಾವ