ತಪ್ಪು ರೋಗನಿರ್ಣಯದಿಂದ ಸತ್ತ ಕ್ಲೌನ್ ಮೀನುಗಳ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ಅಕ್ವೇರಿಯಂ ಮಳಿಗೆ, ಬೆಂಗಳೂರು

ವಿಷಯ: ತಮ್ಮ 'ಮೀನಿನ ಆರೋಗ್ಯ ಸಲಹೆ' ಸೇವೆಯ ಲೋಪ ಮತ್ತು ನಷ್ಟ ಪರಿಹಾರ

ಮಾನ್ಯರೇ,

ಕಳೆದ ತಿಂಗಳ 9ರಂದು ತಮ್ಮಲ್ಲಿ ಒಂದು ಜೋಡಿ ಕ್ಲೌನ್ ಮೀನುಗಳನ್ನು ಕೊಂಡು, ಮನೆಯ 200 ಲೀಟರಿನ ಉಪ್ಪುನೀರಿನ ತೊಟ್ಟಿಗೆ ಬಿಟ್ಟೆ. ನಾಲ್ಕನೆಯ ದಿನ ಅವು ಆಹಾರ ಮುಟ್ಟದೆ ನೀರಿನ ಮೇಲ್ಭಾಗದಲ್ಲಿ ಏದುಸಿರು ಬಿಡತೊಡಗಿದವು. ಮರುದಿನ ಬೆಳಗ್ಗೆ ಕಿತ್ತಳೆ ಬಣ್ಣ ಮಾಸಿ, ಮೈಮೇಲೆ ಕಟ್ಟಿದ ದಪ್ಪ ಬಿಳಿ ಲೋಳೆ ಅಲ್ಲಲ್ಲಿ ಸುಲಿದು ನೇತಾಡುತ್ತಿತ್ತು. 600 ರೂಪಾಯಿ ಶುಲ್ಕ ಕಟ್ಟಿ ವಿಡಿಯೊ ಕಳಿಸಿದ ಹತ್ತೇ ನಿಮಿಷದಲ್ಲಿ ತಮ್ಮ ಸಿಬ್ಬಂದಿ ಇದು 'ವೈಟ್ ಸ್ಪಾಟ್' (ಬಿಳಿ ಚುಕ್ಕೆ ರೋಗ) ಎಂದು ಹೇಳಿ, ತಾಮ್ರದ ಔಷಧವನ್ನು ನೇರವಾಗಿ ಅದೇ ತೊಟ್ಟಿಗೆ ಹಾಕಲು ಸೂಚಿಸಿದರು. ಅಮೋನಿಯಾ ಎಷ್ಟಿದೆ, ಲವಣಾಂಶ ಎಷ್ಟಿದೆ ಎಂದು ಒಂದು ಮಾತೂ ಕೇಳಲಿಲ್ಲ.

ವೈಟ್ ಸ್ಪಾಟ್‌ನಲ್ಲಿ ಉಪ್ಪಿನ ಹರಳಿನಂತಹ ಬಿಡಿಬಿಡಿ ಚುಕ್ಕೆಗಳು ಕಾಣುತ್ತವೆ; ವೆಲ್ವೆಟ್ ರೋಗದಲ್ಲಿ ನುಣ್ಣನೆಯ ಧೂಳು ಉದುರಿಸಿದಂತಿರುತ್ತದೆ. ನನ್ನ ಮೀನುಗಳ ಮೇಲೆ ಇವೆರಡೂ ಇರಲಿಲ್ಲ. ಲೋಳೆ ಕಟ್ಟಿ ಚರ್ಮ ಸುಲಿಯುವುದು ಬ್ರೂಕ್ಲಿನೆಲ್ಲಾ ಎಂಬ ಪರಾವಲಂಬಿಯ ಲಕ್ಷಣ. ಇದು ಕ್ಲೌನ್ ಮೀನುಗಳನ್ನು ಎಷ್ಟು ಕಾಡುತ್ತದೆಂದರೆ, ಹವ್ಯಾಸಿಗಳ ಬಾಯಲ್ಲಿ ಇದರ ಹೆಸರೇ 'ಕ್ಲೌನ್ ಮೀನಿನ ರೋಗ'. ಆ ಮೀನುಗಳನ್ನೇ ಮಾರುವವರಿಗೆ ಇದು ಹೊಳೆಯದೆ ಹೋದದ್ದು ಆಶ್ಚರ್ಯ. ವೈಟ್ ಸ್ಪಾಟ್‌ನ ಪರಾವಲಂಬಿ ಮೀನನ್ನು ಬಿಟ್ಟು ತಳದಲ್ಲಿ ಗೂಡು ಕಟ್ಟಿ ವೃದ್ಧಿಯಾದರೆ, ಬ್ರೂಕ್ಲಿನೆಲ್ಲಾ ಮೀನಿನ ಮೈಮೇಲೆಯೇ ತಾನೇ ಎರಡಾಗಿ ಒಡೆಯುತ್ತಾ ಹೆಚ್ಚುವುದರಿಂದ ಸಾವು ಬೇಗ ಬರುತ್ತದೆ. ತಾಮ್ರ ಇದಕ್ಕೆ ಔಷಧವೇ ಅಲ್ಲ; ಪ್ರತ್ಯೇಕ ತೊಟ್ಟಿಯಲ್ಲಿ, ಗಾಳಿ ಊದಿಸುತ್ತಾ, ಫಾರ್ಮಲಿನ್ ಸ್ನಾನ ಕೊಡಬೇಕಿತ್ತು.

ಔಷಧದ ಬಾಟಲಿಯ ಮೇಲೆ ಅಕಶೇರುಕಗಳಿರುವ (ಸಿಗಡಿ, ಬಸವನಹುಳುಗಳಂತಹ ಬೆನ್ನೆಲುಬಿಲ್ಲದ ಜೀವಿಗಳಿರುವ) ತೊಟ್ಟಿಗೆ ಬಳಸಬಾರದೆಂಬ ಎಚ್ಚರಿಕೆ ಓದಿ ನಾನು ಸಂದೇಹ ಕೇಳಿದಾಗ, 'ಕಡಿಮೆ ಪ್ರಮಾಣ, ಏನೂ ಆಗುವುದಿಲ್ಲ' ಎಂದರು. ಅದನ್ನು ನಂಬಿದ್ದು ನನ್ನ ತಪ್ಪು. ಮರುದಿನ ಎರಡು ಕ್ಲೀನರ್ ಸಿಗಡಿಗಳೂ ನಾಲ್ಕು ಬಸವನಹುಳುಗಳೂ ಸತ್ತವು. ಅದರ ಮರುದಿನ ಒಂದು ಮೀನು ಸತ್ತಿತು. ಉಳಿದದ್ದನ್ನು ಪಶುವೈದ್ಯರ ಬಳಿಗೆ ಒಯ್ದೆ. ಅವರು ಚರ್ಮದ ಲೋಳೆಯನ್ನು ಗಾಜಿನ ಪಟ್ಟಿಯ ಮೇಲೆ ತೆಗೆದು ಸೂಕ್ಷ್ಮದರ್ಶಕದಲ್ಲಿ ಬ್ರೂಕ್ಲಿನೆಲ್ಲಾವನ್ನು ಗುರುತಿಸುವಷ್ಟರಲ್ಲಿ ಅದೂ ಸತ್ತಿತ್ತು. ಈಗ ತೊಟ್ಟಿಯ ಕಲ್ಲು, ಮರಳುಗಳೆಲ್ಲ ತಾಮ್ರ ಹೀರಿಕೊಂಡಿವೆ. ಅದು ಮತ್ತೆ ನೀರಿಗೆ ಬಿಡುಗಡೆಯಾಗುವುದರಿಂದ ಅಲ್ಲಿ ಇನ್ನು ಸಿಗಡಿ, ಹವಳಗಳನ್ನು ಇಡುವಂತಿಲ್ಲ.

ವಿಡಿಯೊ ನೋಡಿ ಪ್ರಾಥಮಿಕ ಸಲಹೆ ಕೊಡುವುದಕ್ಕೆ ನನ್ನ ಆಕ್ಷೇಪವಿಲ್ಲ; ಅದನ್ನೇ ಖಚಿತ ನಿರ್ಣಯವೆಂದು ಹಣ ಪಡೆದದ್ದಕ್ಕೆ ಇದೆ. ಆದ್ದರಿಂದ ಸಲಹಾ ಶುಲ್ಕ, ಔಷಧ, ಮೀನು, ಸಿಗಡಿಗಳ ಬೆಲೆ ಮತ್ತು ಬದಲಾಯಿಸಬೇಕಾದ 14 ಕಿಲೋ ಕಲ್ಲಿನ ವೆಚ್ಚವನ್ನು ಪತ್ರ ತಲುಪಿದ 15 ದಿನಗಳೊಳಗೆ ಹಿಂತಿರುಗಿಸಬೇಕೆಂದು ಕೋರುತ್ತೇನೆ. ಬಿಲ್ಲುಗಳು, ಸಂದೇಶಗಳ ಪ್ರತಿ ಮತ್ತು ವೈದ್ಯರ ವರದಿಯನ್ನು ಲಗತ್ತಿಸಿದ್ದೇನೆ. ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.

ಇಂತಿ,
ತಮ್ಮ ಗ್ರಾಹಕ