ಹಲಗೆ ಬೇಗ ಹಾಕಿಸಿ: ಶಾಸಕರಿಗೆ ಹೊಳೆಬದಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ಉಡುಪಿ ಜಿಲ್ಲೆಯ ಒಬ್ಬ ಸಣ್ಣ ಕೃಷಿಕ. ನಮ್ಮ ಗದ್ದೆ ಹೊಳೆಬದಿಯಲ್ಲಿದೆ. ಕಡಲು ದೂರವೇನಿಲ್ಲ, ರಾತ್ರಿ ಅಲೆಯ ಸದ್ದು ಮನೆಗೆ ಕೇಳಿಸುತ್ತದೆ. ಮಳೆಗಾಲದಲ್ಲಿ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಹರಿವೆ, ಅಲಸಂಡೆ, ಬೆಂಡೆ. ಕಳೆದ ಸಲ ನಾಲ್ಕು ಸಾಲು ಟೊಮೆಟೊ ಕೂಡ ನೆಟ್ಟೆ. ಆ ನಾಲ್ಕು ಸಾಲಿಗೆ ಏನಾಯಿತು ಅಂತ ಹೇಳಲು, ಕಡಲ ಉಪ್ಪುನೀರು ಹೊಳೆಗೆ ನುಗ್ಗದ ಹಾಗೆ ನಮ್ಮ ಕಿಂಡಿ ಅಣೆಕಟ್ಟಿನ ಕಿಂಡಿಗಳಿಗೆ ಹಲಗೆ ಬೇಗ ಹಾಕಿಸಿ ಅಂತ ಕೇಳಲು ಈ ಪತ್ರ.

ಫೆಬ್ರವರಿಯಲ್ಲಿ ಮೊದಲ ಹಣ್ಣು ಕೊಯ್ದೆವು. ನಿಂಬೆಹಣ್ಣಿನಷ್ಟೇ ದೊಡ್ಡದು. ಸಾರು ಮಾಡಿದ ಅಮ್ಮ, "ಸಣ್ಣದಾದ್ರೂ ರುಚಿ ಜಾಸ್ತಿ ಅಲ್ವಾ?" ಅಂದರು. ನಮಗೂ ಖುಷಿಯಾಯಿತು. ಹತ್ತು ದಿನ ಕಳೆಯುವಷ್ಟರಲ್ಲಿ ಕೆಳಗಿನ ಎಲೆಗಳ ಅಂಚು ಸುಟ್ಟ ಹಾಗೆ ಕಂದಾಯಿತು. ಮಧ್ಯಾಹ್ನ ಗಿಡ ಬಾಡಿ ನಿಲ್ಲುತ್ತಿತ್ತು. ಬುಡದ ಮಣ್ಣು ಮುಟ್ಟಿದರೆ ಒದ್ದೆಯೇ ಇತ್ತು. ಒಂದು ಕಾಯಿ ಕಿತ್ತು ತಿರುಗಿಸಿ ನೋಡಿದೆ. ತೊಟ್ಟಿನ ಕಡೆ ಚೆನ್ನಾಗಿದೆ. ಅಡಿಯಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ಕಲೆ, ತೊಗಲಿನ ಹಾಗೆ ಗಟ್ಟಿ, ಒಳಗೆ ತಗ್ಗಿದೆ.

ನಮ್ಮ ಕಡೆ ಟೊಮೆಟೊ ಬಾಡಿದರೆ ಎಲ್ಲರೂ ಮೊದಲು ಹೇಳುವುದು ಸೊರಗು ರೋಗ. ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ಇಟ್ಟೆ. ಆ ರೋಗವಾದರೆ ಹಾಲಿನಂಥ ಎಳೆ ಇಳಿಯಬೇಕು. ಇಳಿಯಲಿಲ್ಲ. ಅಂಗಡಿಯಲ್ಲಿ ಕ್ಯಾಲ್ಸಿಯಂ ಔಷಧಿ ಕೊಟ್ಟರು, ಸಿಂಪಡಿಸಿದೆ, ಸುಮ್ನೆ ದುಡ್ಡು ಹೋಯಿತು. ಕೊನೆಗೆ ಬಾವಿ ನೀರು ಮತ್ತು ಮಣ್ಣು ಎರಡನ್ನೂ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ಉಪ್ಪು.

ಉಪ್ಪು ಜಾಸ್ತಿಯಾದರೆ ಮಣ್ಣಲ್ಲಿ ನೀರಿದ್ದರೂ ಬೇರಿಗೆ ಎಳೆದುಕೊಳ್ಳಲು ಆಗುವುದಿಲ್ಲ. ಹಣ್ಣಿಗೆ ಹೋಗುವ ನೀರು ಕಡಿಮೆಯಾಗುತ್ತದೆ. ಹಾಗಾಗಿ ಹಣ್ಣು ಸಣ್ಣದು, ಒಳಗಿನ ಸಿಹಿ ಹುಳಿ ಗಟ್ಟಿ. ಅಮ್ಮ ಮೆಚ್ಚಿದ ಆ ರುಚಿಯೇ ಗಿಡ ಕಷ್ಟದಲ್ಲಿರುವುದರ ಮೊದಲ ಗುರುತಾಗಿತ್ತು. ಕ್ಯಾಲ್ಸಿಯಂ ಕೂಡ ನೀರಿನ ಜೊತೆಗೇ ಮೇಲೇರಬೇಕು. ಅದು ಹಣ್ಣಿನ ಅಡಿಯವರೆಗೆ ಸರಿಯಾಗಿ ತಲುಪದಿದ್ದರೆ ಆ ಕಪ್ಪು ಕಲೆ.

ಮಣ್ಣಿನ ಉಪ್ಪಿನ ಅಳತೆ ಮೀಟರಿಗೆ 2.5 ಡೆಸಿಸೀಮನ್ (ಕರೆಂಟು ಎಷ್ಟು ಹರಿಯುತ್ತದೆ ಅಂತ ನೋಡಿ ಉಪ್ಪು ಅಳೆಯುವ ಮಾನ) ದಾಟಿದರೆ ಟೊಮೆಟೊ ಇಳುವರಿ ಇಳಿಯತೊಡಗುತ್ತದೆ. ಆಮೇಲೆ ಒಂದೊಂದು ಡೆಸಿಸೀಮನ್ ಏರಿದಾಗಲೂ ಸುಮಾರು ಶೇಕಡ 10ರಷ್ಟು ನಷ್ಟ. ಕಡಲ ನೀರಿನ ಅಳತೆ ಸುಮಾರು 50. ಅಂದರೆ ಇಪ್ಪತ್ತು ಕೊಡ ಸಿಹಿನೀರಿಗೆ ಒಂದು ಕೊಡ ಕಡಲ ನೀರು ಬೆರೆತರೂ ಗಿಡಕ್ಕೆ ಆಪತ್ತು.

ಆ ಒಂದು ಕೊಡ ಎಲ್ಲಿಂದ ಬಂತು ಅಂತ ನಿಮಗೆ ಗೊತ್ತೇ ಇದೆ. ತುಳಸಿ ಪೂಜೆ ಕಳೆದು ಹೊಳೆಯ ಹರಿವು ಇಳಿಯುತ್ತಿದ್ದ ಹಾಗೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಬೇಕು. ಹಿಂದೆ ಊರವರೇ ಸೇರಿ ಮಣ್ಣಿನ ಕಟ್ಟ ಕಟ್ಟುತ್ತಿದ್ದರು. ಕಳೆದ ಸಲ ನಮ್ಮಲ್ಲಿ ಹಲಗೆ ಬಿದ್ದದ್ದು ಜನವರಿಯಲ್ಲಿ. ಅಷ್ಟರಲ್ಲಿ ಎಷ್ಟೋ ಭರತದ, ಅಂದರೆ ಕಡಲು ಉಬ್ಬುವ ಹೊತ್ತಿನ, ನೀರು ಹೊಳೆಯಲ್ಲಿ ಮೇಲೆ ಬಂದು ಹೋಗಿತ್ತು. ಎರಡು ಸಾಲು ಹಲಗೆಯ ನಡುವೆ ತುಂಬಿದ ಮಣ್ಣೂ ಸಡಿಲ. ನಾನೇ ಹೋಗಿ ನೋಡಿದ್ದೇನೆ, ಸಂದಿಯಲ್ಲಿ ಕೈ ಇಟ್ಟರೆ ನೀರು ನುಗ್ಗುವುದು ತಿಳಿಯುತ್ತಿತ್ತು.

ಇದು ನನ್ನ ನಾಲ್ಕು ಸಾಲಿನ ಮಾತು ಮಾತ್ರ ಅಲ್ಲ. 2011ರಲ್ಲಿ ಜಿಐ (ಊರಿನ ಹೆಸರಿನ ವಿಶೇಷ ಬೆಳೆಗೆ ಕೊಡುವ ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ನಮ್ಮ ಮಟ್ಟುಗುಳ್ಳ ಬದನೆಯೂ ಟೊಮೆಟೊ ಕುಟುಂಬದ್ದೇ, ಬೆಳೆಯುವುದೂ ಕಡಲ ಪಕ್ಕದಲ್ಲೇ. ನಮಗೆ ಬೀಳುವ ಜೋರು ಮಳೆ ಗದ್ದೆಯ ಉಪ್ಪನ್ನು ಬಹುಪಾಲು ತೊಳೆದು ಹಾಕುತ್ತದೆ, ಅದು ನಮ್ಮ ಪುಣ್ಯ. ಬೇಸಿಗೆಗೆ ಮತ್ತೆ ಉಪ್ಪು ಬಾರದ ಹಾಗೆ ತಡೆದರೆ ಸಾಕು.

ದಯವಿಟ್ಟು ನವೆಂಬರ್ ಮುಗಿಯುವ ಮೊದಲೇ ಹಲಗೆ ಹಾಕಿಸಿ, ನಡುವಿನ ಮಣ್ಣು ಗಟ್ಟಿಯಾಗಿ ತುಂಬಿಸಿ. ಪಂಚಾಯತಿಗೊಂದು ಉಪ್ಪು ಅಳೆಯುವ ಮೀಟರ್ ಕೊಡಿಸಿ. ಅಂಗೈಯಷ್ಟು ಸಣ್ಣ ಸಾಧನ, ನೀರಿಗೆ ಅದ್ದಿದರೆ ಲೆಕ್ಕ ತೋರಿಸುತ್ತದೆ. ವಾರಕ್ಕೊಮ್ಮೆ ಬಾವಿಗಳ ಅಳತೆ ಬರೆದು ಹಾಕಿದರೆ ಯಾವ ನೀರು ಗಿಡಕ್ಕೆ ಬಿಡಬಾರದು ಅಂತ ನಮಗೆ ಮೊದಲೇ ತಿಳಿಯುತ್ತದೆ. ಒಮ್ಮೆ ನೀವೇ ಬನ್ನಿ, ಭರತದ ಹೊತ್ತಿಗೆ. ಅಣೆಕಟ್ಟಿನ ಮೇಲೆ ನಿಂತು ನೋಡೋಣ. ಈ ಸಲವೂ ನಾಲ್ಕು ಸಾಲಿಗೆ ಬೇಕಾದಷ್ಟು ಬೀಜ ತೆಗೆದಿಟ್ಟಿದ್ದೇನೆ.

ಇಂತಿ,
ಹೊಳೆಬದಿಯ ಒಬ್ಬ ಕೃಷಿಕ